ಟ್ರ್ಯಾಕ್ಟರ್ ಚಕ್ರದ ಆಫ್‌ಸೆಟ್: ಬೆಳೆಯ ಸಾಲಿಗೆ ತಕ್ಕ ಚಕ್ರದ ಆಯ್ಕೆ

ಕೋಲಾರ ಜಿಲ್ಲೆಯ ಕೆಂಪು ಮಣ್ಣಿನ ಹೊಲಗಳಲ್ಲಿ ಎತ್ತುಗಳು ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಈಗ ಟ್ರ್ಯಾಕ್ಟರುಗಳು ಮಾಡುತ್ತಿವೆ. ಸಾಲಿನ ನಡುವೆ ನಡೆಯುವ ಎತ್ತು ಕಾಲಿಡುವ ಜಾಗವನ್ನು ತಾನೇ ನೋಡಿಕೊಳ್ಳುತ್ತದೆ. ಟ್ರ್ಯಾಕ್ಟರಿನ ಚಕ್ರಕ್ಕೆ ಆ ವಿವೇಕವಿಲ್ಲ. ಅದು ಎಲ್ಲಿ ಉರುಳಬೇಕೆಂಬುದನ್ನು ರೈತನೇ ಮೊದಲು ಅಳೆದು ನಿಶ್ಚಯಿಸಬೇಕು. ಟ್ರ್ಯಾಕ್ಟರ್ ಕೊಳ್ಳಲು ಹೋಗುವವರು ಅಶ್ವಶಕ್ತಿ ಕೇಳುತ್ತಾರೆ, ಡೀಸೆಲ್ ಎಷ್ಟು ಕುಡಿಯುತ್ತದೆಂದು ಕೇಳುತ್ತಾರೆ, ಸಾಲದ ಕಂತು ಕೇಳುತ್ತಾರೆ. ಅಳತೆಯ ಟೇಪು ಹಿಡಿದು ಹೋಗುವವರು ವಿರಳ. ಹೀಗಾಗಿ ಸಾಲ ಮಾಡಿ ತಂದ ಯಂತ್ರ ತನ್ನದೇ ತೋಟದೊಳಗೆ ಇಳಿಯಲಾರದೆ ಮನೆಯ ಮುಂದೆ ನಿಲ್ಲುವ, ಇಲ್ಲವೆ ಬಾಡಿಗೆಗೆ ಟ್ರೇಲರ್ ಎಳೆಯುವ ಸ್ಥಿತಿ ಬರುತ್ತದೆ.

ಈ ತೊಂದರೆಯ ಮೂಲ ಚಕ್ರದ ಆಫ್‌ಸೆಟ್ ಎಂಬ ಒಂದು ಅಳತೆಯಲ್ಲಿದೆ. ಹೆಸರು ಹೊಸದೆನಿಸಿದರೂ ವಿಷಯ ಸರಳವಾದದ್ದು.

ಆಫ್‌ಸೆಟ್ ಎಂದರೇನು?

ಚಕ್ರದಲ್ಲಿ ಎರಡು ಭಾಗಗಳಿವೆ. ಟೈರು ಕೂರುವ ಕಬ್ಬಿಣದ ಬಳೆ ರಿಮ್. ಆ ಬಳೆಯನ್ನು ಅಚ್ಚಿನ ತುದಿಯಲ್ಲಿರುವ ಹಬ್‌ಗೆ ಸೇರಿಸುವುದು ಡಿಸ್ಕ್ ಎಂಬ ತಟ್ಟೆ. ಈ ತಟ್ಟೆ ಊಟದ ತಟ್ಟೆಯಂತೆ ಒಂದು ಕಡೆಗೆ ತಗ್ಗಾಗಿರುತ್ತದೆ. ರಿಮ್ಮಿನ ಅಗಲದ ಸರಿಮಧ್ಯದಲ್ಲಿ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಬೇಕು. ತಟ್ಟೆಯು ಹಬ್‌ಗೆ ಒತ್ತಿ ಕೂರುವ ಮುಖ ಈ ಗೆರೆಯಿಂದ ಎಷ್ಟು ದೂರದಲ್ಲಿದೆಯೋ ಅದೇ ಆಫ್‌ಸೆಟ್. ಕೂರುವ ಮುಖ ಗೆರೆಯಿಂದ ಹೊರಕ್ಕಿದ್ದರೆ ಚಕ್ರ ಗಾಡಿಯ ಒಳಕ್ಕೆ ಸರಿದು ನಿಲ್ಲುತ್ತದೆ. ಇದು ಧನ ಆಫ್‌ಸೆಟ್. ಮುಖ ಗೆರೆಯಿಂದ ಒಳಕ್ಕಿದ್ದರೆ ಚಕ್ರ ಹೊರಕ್ಕೆ ಚಾಚಿಕೊಳ್ಳುತ್ತದೆ. ಇದು ಋಣ ಆಫ್‌ಸೆಟ್. ಎರಡೂ ಒಂದೇ ಗೆರೆಯಲ್ಲಿದ್ದರೆ ಆಫ್‌ಸೆಟ್ ಸೊನ್ನೆ.

ಎಡ ಮತ್ತು ಬಲ ಚಕ್ರಗಳ ನಡುಗೆರೆಗಳ ಮಧ್ಯದ ದೂರಕ್ಕೆ ಚಕ್ರಾಂತರ ಎನ್ನಬಹುದು. ಇದನ್ನು ಅಳೆಯಲು ಒಂದು ಸುಲಭ ಉಪಾಯವಿದೆ. ಟೈರಿನ ನಡು ಹುಡುಕುವ ಗೋಜಿಲ್ಲದೆ, ಎಡ ಟೈರಿನ ಹೊರ ಅಂಚಿನಿಂದ ಬಲ ಟೈರಿನ ಒಳ ಅಂಚಿನವರೆಗೆ ಟೇಪು ಹಿಡಿದರೆ ಸಾಕು. ಎರಡೂ ಟೈರುಗಳ ಅಗಲ ಒಂದೇ ಆಗಿರುವುದರಿಂದ ಬರುವ ಅಳತೆಯೇ ಚಕ್ರಾಂತರ.

ತಟ್ಟೆಯನ್ನು ತಿರುವಿ ಹಾಕಿದರೆ ಒಳಗಿದ್ದ ಚಕ್ರ ಹೊರಗೆ ಬರುತ್ತದೆ. ಇದರ ಲೆಕ್ಕದಲ್ಲಿ ಅನೇಕರು ತಪ್ಪುತ್ತಾರೆ. ಆಫ್‌ಸೆಟ್ 3 ಅಂಗುಲವಿರುವ ಚಕ್ರವನ್ನು ತಿರುವಿದರೆ ಅದು ಸರಿಯುವುದು 3 ಅಂಗುಲವಲ್ಲ, 6 ಅಂಗುಲ. ಗೆರೆಯ ಒಂದು ಮಗ್ಗುಲಿನ 3 ಅಂಗುಲ ಕಳೆದು ಇನ್ನೊಂದು ಮಗ್ಗುಲಿನ 3 ಅಂಗುಲ ಸೇರುತ್ತದೆ. ಎರಡು ಚಕ್ರಗಳೂ ಸೇರಿ ಚಕ್ರಾಂತರ 12 ಅಂಗುಲ, ಅಂದರೆ ಪೂರಾ ಒಂದು ಅಡಿ ಹೆಚ್ಚುತ್ತದೆ.

ಮಧ್ಯಮ ಗಾತ್ರದ ಹಲವು ಟ್ರ್ಯಾಕ್ಟರುಗಳ ಹಿಂಚಕ್ರದಲ್ಲಿ ತಟ್ಟೆ ಬೇರೆ, ರಿಮ್ ಬೇರೆ. ರಿಮ್ಮಿನ ಒಳಸುತ್ತಿನಲ್ಲಿ ಬೆಸೆದಿರುವ ಕಿವಿಗಳು ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಇರುತ್ತವೆ. ತಟ್ಟೆಯ ತಗ್ಗು ಒಳಮುಖವೋ ಹೊರಮುಖವೋ, ಕಿವಿಗಳು ಒಳಪಕ್ಕಕ್ಕೋ ಹೊರಪಕ್ಕಕ್ಕೋ, ತಟ್ಟೆಯನ್ನು ಕಿವಿಯ ಈ ಮೈಗೆ ಬಿಗಿಯಬೇಕೋ ಆ ಮೈಗೋ ಎಂಬ ಮೂರು ಎರಡೆರಡು ಆಯ್ಕೆಗಳಿಂದ ಒಟ್ಟು ಎಂಟು ಚಕ್ರಾಂತರಗಳು ಸಿಗುತ್ತವೆ. ಇದು ಇಂದಿನ ಏರ್ಪಾಡಲ್ಲ. 1946ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗತೊಡಗಿದ ಫರ್ಗುಸನ್ ಟ್ರ್ಯಾಕ್ಟರಿನಲ್ಲಿಯೇ 48 ಅಂಗುಲದಿಂದ 76 ಅಂಗುಲದವರೆಗೆ ನಾಲ್ಕು ನಾಲ್ಕು ಅಂಗುಲದ ಹಂತದಲ್ಲಿ ಚಕ್ರಗಳನ್ನು ಸರಿಸಬಹುದಿತ್ತು. ಸಣ್ಣ ಟ್ರ್ಯಾಕ್ಟರುಗಳಲ್ಲಿ ತಟ್ಟೆಯೂ ರಿಮ್ಮೂ ಒಂದಾಗಿ ಬೆಸೆದಿದ್ದರೆ ಆಯ್ಕೆ ಎರಡೇ: ಒಳಕ್ಕೆ ಅಥವಾ ಹೊರಕ್ಕೆ.

ಹಿಪ್ಪುನೇರಳೆಯ ಸಾಲಿನಲ್ಲಿ

ಈ ಅಳತೆಗೆ ನಿಜವಾದ ಬೆಲೆ ಬರುವುದು ರೇಷ್ಮೆ ಬೆಳೆಗಾರನ ತೋಟದಲ್ಲಿ. ಜೋಡಿ ಸಾಲಿನ ಪದ್ಧತಿಯಲ್ಲಿ ಹಿಪ್ಪುನೇರಳೆಯನ್ನು (90+150)×60 ಸೆಂ.ಮೀ. ಅಂತರದಲ್ಲಿ ನೆಡುತ್ತಾರೆ. ಎರಡು ಸಾಲುಗಳು 90 ಸೆಂ.ಮೀ. ದೂರದಲ್ಲಿ ಜೋಡಿಯಾಗಿದ್ದು, ಒಂದು ಜೋಡಿಗೂ ಮುಂದಿನ ಜೋಡಿಗೂ 150 ಸೆಂ.ಮೀ. ದಾರಿ ಬಿಡಲಾಗುತ್ತದೆ. ಈ ದಾರಿಯನ್ನು ಬಿಟ್ಟಿರುವುದೇ ಯಂತ್ರದ ಬೇಸಾಯಕ್ಕೆ. ಆದರೆ ಎಲ್ಲ ಯಂತ್ರಗಳಿಗೂ ಅಲ್ಲ.

13.6-28 ಟೈರಿನ ಮಧ್ಯಮ ಟ್ರ್ಯಾಕ್ಟರನ್ನು ತೆಗೆದುಕೊಳ್ಳೋಣ. ಈ ಸಂಖ್ಯೆಯಲ್ಲಿ 13.6 ಎಂದರೆ ಟೈರಿನ ಅಗಲ ಅಂಗುಲದಲ್ಲಿ. 28 ಎಂದರೆ ರಿಮ್ಮಿನ ವ್ಯಾಸ. ಚಕ್ರಾಂತರವನ್ನು ಅತಿ ಕಡಿಮೆಯಾದ 48 ಅಂಗುಲಕ್ಕೆ ಇಳಿಸಿದರೂ ಹೊರ ಅಂಚಿನಿಂದ ಹೊರ ಅಂಚಿಗೆ 48 + 13.6 = 61.6 ಅಂಗುಲ, ಅಂದರೆ ಸುಮಾರು 156 ಸೆಂ.ಮೀ. ಆಯಿತು. ದಾರಿ ಇರುವುದೇ 150. ಗಿಡದ ಬುಡವನ್ನು ತುಳಿಯದೆ ಆ ಟ್ರ್ಯಾಕ್ಟರ್ ಒಳಗೆ ಹೋಗುವಂತೆಯೇ ಇಲ್ಲ.

ಈಗ ಚಕ್ರಾಂತರ 36 ಅಂಗುಲ, ಟೈರಿನ ಅಗಲ 8 ಅಂಗುಲ ಇರುವ ಸಣ್ಣ ಟ್ರ್ಯಾಕ್ಟರನ್ನು ಲೆಕ್ಕ ಹಾಕೋಣ. ಹೊರ ಅಗಲ 44 ಅಂಗುಲ, ಸುಮಾರು 112 ಸೆಂ.ಮೀ. ಎರಡು ಪಕ್ಕಗಳಲ್ಲೂ 19 ಸೆಂ.ಮೀ. ಉಳಿಯುತ್ತದೆ. ಕಟಾವಾದ ಮೇಲೆ ಉಳುಮೆ ಮಾಡಲು ಇಷ್ಟು ಸಾಕು. ಇದೇ ಟ್ರ್ಯಾಕ್ಟರಿನ ಚಕ್ರಗಳನ್ನು ಯಾರಾದರೂ "ಗಟ್ಟಿಯಾಗಿ ನಿಲ್ಲುತ್ತದೆ" ಎಂದು ತಿರುವಿ ಹೊರಕ್ಕೆ ಹಾಕಿಕೊಟ್ಟರೆ? ಆಫ್‌ಸೆಟ್ 3 ಅಂಗುಲವಿದ್ದಲ್ಲಿ ಚಕ್ರಾಂತರ 48 ಆಗಿ, ಹೊರ ಅಗಲ 56 ಅಂಗುಲಕ್ಕೆ ಏರುತ್ತದೆ. ಅದು 142 ಸೆಂ.ಮೀ. ಎರಡು ಪಕ್ಕಗಳಲ್ಲೂ ನಾಲ್ಕೇ ಸೆಂ.ಮೀ. ಉಳಿದ ಮೇಲೆ ಎಂಥ ನುರಿತ ಚಾಲಕನಿಗೂ ಬುಡ ಸವರದೆ ಹೋಗಲಾಗದು. ತೊಗಟೆ ಕಿತ್ತ ಬುಡದಿಂದ ಮುಂದಿನ ಬೆಳೆಯ ಸೊಪ್ಪು ಕಡಿಮೆಯಾದಾಗ ಕಾರಣ ಗೊಬ್ಬರದಲ್ಲಿದೆಯೋ ನೀರಿನಲ್ಲಿದೆಯೋ ಎಂದು ಹುಡುಕುವವರೇ ಹೆಚ್ಚು. ಕಾರಣ ಚಕ್ರದಲ್ಲಿದೆಯೆಂದು ಹೊಳೆಯುವುದು ತಡವಾಗಿ.

90 ಸೆಂ.ಮೀ.ನ ಒಳಸಾಲಿಗೆ ಸಣ್ಣ ಟ್ರ್ಯಾಕ್ಟರ್ ಕೂಡ ಸಲ್ಲದು; ಅಲ್ಲಿ ಪವರ್ ಟಿಲ್ಲರ್, ಸಣ್ಣ ಕಳೆ ಯಂತ್ರ ಅಥವಾ ಗುದ್ದಲಿಯೇ ಸರಿ.

ಟೊಮೆಟೊ ಮತ್ತು ರಾಗಿ

ಕೋಲಾರ, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಟೊಮೆಟೊವನ್ನು ಏರುಮಡಿ, ಹನಿ ನೀರಾವರಿ, ಪ್ಲಾಸ್ಟಿಕ್ ಹೊದಿಕೆಯೊಂದಿಗೆ ಬೆಳೆಯುವುದು ರೂಢಿಯಾಗಿದೆ. ಇಲ್ಲಿ ಪಾಲಿಸಬೇಕಾದದ್ದು ಒಂದೇ ಮಾತು: ಮಡಿಯ ನಡುವಿನಿಂದ ಮಡಿಯ ನಡುವಿಗೆ ಎಷ್ಟು ಅಂತರವೋ ಚಕ್ರಾಂತರವೂ ಅಷ್ಟೇ ಇರಬೇಕು. ಮಡಿಗಳ ಅಂತರ 4 ಅಡಿಯಾದರೆ ಚಕ್ರಾಂತರ 48 ಅಂಗುಲ. 5 ಅಡಿಯಾದರೆ 60 ಅಂಗುಲ. ಆಗ ಒಂದು ಮಡಿ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಬಂದು, ಚಕ್ರಗಳೆರಡೂ ಅದರ ಅಕ್ಕಪಕ್ಕದ ಕಾಲುವೆಯಲ್ಲಿ ಉರುಳುತ್ತವೆ. 4 ಅಡಿಯ ಅಂತರದಲ್ಲಿ ಮಡಿಯ ಅಗಲ ಎರಡೂವರೆ ಅಡಿಯಾದರೆ ಕಾಲುವೆಗೆ 18 ಅಂಗುಲ ಉಳಿಯುತ್ತದೆ, 13.6 ಅಂಗುಲದ ಟೈರು ಅದರಲ್ಲಿ ಹಿಡಿಸುತ್ತದೆ, ಆದರೆ ಚಾಲಕ ಎಚ್ಚರದಿಂದಿರಬೇಕು. ಮಡಿ ಮಾಡುವ ದಿನವೇ ಇದನ್ನು ಯೋಚಿಸಬೇಕು. ಹೊದಿಕೆ ಹಾಸಿ, ಕೋಲು ನೆಟ್ಟ ಮೇಲೆ ಟ್ರ್ಯಾಕ್ಟರಿಗೆ ಹೇಗೂ ಪ್ರವೇಶವಿಲ್ಲ.

ರಾಗಿಯ ವಿಷಯ ಬೇರೆ. 30 ಸೆಂ.ಮೀ. ಸಾಲಿನಲ್ಲಿ 34 ಸೆಂ.ಮೀ. ಅಗಲದ ಟೈರು ಅಂತರ ಬೇಸಾಯಕ್ಕೆ ಹೋಗಲಾರದು. ಅಲ್ಲಿ ಎಡೆಕುಂಟೆಗೆ ಇಂದಿಗೂ ಸಾಟಿಯಿಲ್ಲ. ಆದರೆ ಟ್ರ್ಯಾಕ್ಟರಿನ ಕೂರಿಗೆಯಿಂದ ಬಿತ್ತುವಾಗ ಚಕ್ರ ತುಳಿದ ಜಾಗ ತಗ್ಗಾಗಿ, ಅಲ್ಲಿನ ಬೀಜ ಮೇಲೆಯೇ ಉಳಿದು ಮೊಳಕೆ ಹಿಂದೆ ಬೀಳುತ್ತದೆ. ಹೊಲದ ಉದ್ದಕ್ಕೂ ಎರಡು ಬಡಕಲು ಸಾಲುಗಳು ಕಂಡರೆ ಅದು ಈ ಗುರುತು. ಚಕ್ರದ ಹಿಂದೆ ಬರುವ ಕುಳಗಳನ್ನು ಒಂದೆರಡು ಸೆಂ.ಮೀ. ಕೆಳಗಿಳಿಸಿ ಕಟ್ಟಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ.

ರೋಟವೇಟರ್ ಬಳಸುವವರೂ ಹೊರ ಅಗಲವನ್ನು ನೋಡಬೇಕು. 48 ಅಂಗುಲದ ಚಕ್ರಾಂತರದಲ್ಲಿ ಹೊರ ಅಗಲ ಸುಮಾರು 62 ಅಂಗುಲವೆಂದು ಮೇಲೆ ಕಂಡೆವು. 5 ಅಡಿಯ ರೋಟವೇಟರ್ ಅಷ್ಟನ್ನೂ ಮುಚ್ಚದೆ ಎರಡೂ ಅಂಚಿನಲ್ಲಿ ಒಂದೊಂದು ಅಂಗುಲ ತುಳಿದ ಮಣ್ಣು ಉಳಿಯುತ್ತದೆ. ಚಕ್ರಾಂತರ 56 ಇದ್ದರೆ ಹೊರ ಅಗಲ ಸುಮಾರು 70 ಅಂಗುಲ. ಆಗ 6 ಅಡಿಯದೇ ಬೇಕು. ಅಷ್ಟು ದೊಡ್ಡದನ್ನು ತಿರುಗಿಸುವ ಶಕ್ತಿ ಟ್ರ್ಯಾಕ್ಟರಿಗೆ ಇಲ್ಲದಿದ್ದರೆ ಚಕ್ರವನ್ನೇ ಒಳಕ್ಕೆ ಸರಿಸುವುದು ಅಗ್ಗದ ದಾರಿ.

ಒಳಕ್ಕೆ ಸರಿಸಿದರೆ ಉರುಳುವ ಭಯ

ಹಾಗಾದರೆ ಚಕ್ರಗಳನ್ನು ಯಾವಾಗಲೂ ಒಳಕ್ಕೇ ಇಡಬಹುದಲ್ಲ ಎಂದು ಕೇಳಬಹುದು. ಇಡಬಾರದು. ಚಕ್ರಾಂತರ ಕಿರಿದಾದಷ್ಟೂ ಟ್ರ್ಯಾಕ್ಟರ್ ಪಕ್ಕಕ್ಕೆ ಉರುಳುವ ಅಪಾಯ ಹೆಚ್ಚು. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನಲ್ಲಿ ಒಂದು ಗೂಟದ ಮೇಲೆ ಏರಿಳಿಯುವಂತೆ ಕೂತಿರುತ್ತದೆ. ಆದ್ದರಿಂದ ಗಾಡಿ ವಾಲತೊಡಗಿದಾಗ ಮುಂಚಕ್ರಗಳು ಮೊದಲಿಗೆ ಆಸರೆ ಕೊಡುವುದಿಲ್ಲ. ನಾಲ್ಕು ಚಕ್ರವಿದ್ದರೂ ಟ್ರ್ಯಾಕ್ಟರ್ ನಿಂತಿರುವುದು ಮೂರು ಕಾಲಿನ ಮಣೆಯ ಮೇಲೆ: ಎರಡು ಹಿಂಚಕ್ರ, ಒಂದು ಮುಂದಿನ ಗೂಟ. ಈ ಮೂರು ಬಿಂದುಗಳ ನಡುವಿನಿಂದ ಭಾರ ಹೊರಗೆ ಜಾರಿದ ಕ್ಷಣ ಉರುಳುವುದೇ. ಚಾಲಕನಿಗೆ ನೆಗೆಯಲು ಸಮಯ ಸಿಗದು.

ಮುಳಬಾಗಿಲಿನ ಗುಂಡು ಬಂಡೆಗಳ ಇಳಿಜಾರು ಹೊಲ, ಕೆರೆಯ ಏರಿ, ಎತ್ತರದ ಬದು, ಇವೆಲ್ಲ ಕಿರಿದಾದ ಚಕ್ರಾಂತರಕ್ಕೆ ಶತ್ರುಗಳು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಔಷಧಿ ಸಿಂಪಡಿಸುವಾಗ ಅಪಾಯ ಇನ್ನೂ ಹೆಚ್ಚು. ಹಿಂದೆ ಎತ್ತರದಲ್ಲಿ ಕೂತ ಅರ್ಧ ತುಂಬಿದ ಟ್ಯಾಂಕಿನ ನೀರು ತಿರುವಿನಲ್ಲಿ ಒಂದೇ ಪಕ್ಕಕ್ಕೆ ನುಗ್ಗುತ್ತದೆ. 10 ಮೀಟರ್ ಅಂತರದ ಹಳೆಯ ಮಾವಿನ ತೋಪಿನಲ್ಲಿ ಜಾಗಕ್ಕೆ ಬರವಿಲ್ಲ. ಅಲ್ಲಿ ಕೆಲಸ ಮಾಡುವ ಟ್ರ್ಯಾಕ್ಟರಿಗೆ ಚಕ್ರಗಳನ್ನು ಹೊರಕ್ಕೆ ಸರಿಸಿಡುವುದೇ ಕ್ಷೇಮ. ಬದುವನ್ನು ದಾಟುವಾಗ ಓರೆಯಾಗಿ ಹತ್ತದೆ ನೇರವಾಗಿ, ನಿಧಾನವಾಗಿ ದಾಟಬೇಕು. ಚಾಲಕನನ್ನು ಕಾಪಾಡುವ ಉಕ್ಕಿನ ಕಮಾನನ್ನು ಕೊಂಬೆ ತಾಗುತ್ತದೆಂದು ಕಳಚಿಡುವ ಅಭ್ಯಾಸ ಕೆಲವೆಡೆ ಇದೆ. ಕೊಂಬೆಯನ್ನು ಸವರುವುದು ಉತ್ತಮ.

ಹಿಪ್ಪುನೇರಳೆಯೂ ಮಾವಿನ ತೋಪೂ ಎರಡೂ ಇರುವ ರೈತನ ಕಷ್ಟ ನಿಜವಾದದ್ದು. ವಾರಕ್ಕೊಮ್ಮೆ ಚಕ್ರ ತಿರುವುವುದು ಯಾರಿಂದಲೂ ಆಗದು. ಇಂಥವರು ಸಣ್ಣ ಟ್ರ್ಯಾಕ್ಟರನ್ನು ಹಿಪ್ಪುನೇರಳೆಗೆ ಹೊಂದಿಸಿಟ್ಟುಕೊಂಡು, ತೋಪಿನ ಉಳುಮೆಗೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ನೆರೆಯವರಿಂದಲೋ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ತರುವುದು ಲಾಭಕರ.

ಹೊರಕ್ಕೆ ಸರಿಸಿದರೆ ಬೇರಿಂಗಿಗೆ ಹೊರೆ

ಹೊರಕ್ಕೆ ಸರಿಸುವುದಕ್ಕೂ ಮಿತಿಯಿದೆ. ಕೊಡವನ್ನು ಮೈಗೆ ಒತ್ತಿ ಹಿಡಿದಾಗಿನ ಭಾರಕ್ಕೂ ಕೈ ಚಾಚಿ ಹಿಡಿದಾಗಿನ ಭಾರಕ್ಕೂ ಎಷ್ಟು ವ್ಯತ್ಯಾಸವೆಂಬುದು ನೀರು ಹೊತ್ತವರಿಗೆಲ್ಲ ಗೊತ್ತು. ಅಚ್ಚಿಗೂ ಅಷ್ಟೇ. ಒಂದು ಚಕ್ರದ ಮೇಲೆ 600 ಕಿಲೋ ಭಾರವಿದ್ದು, ಆ ಚಕ್ರವನ್ನು 5 ಸೆಂ.ಮೀ. ಹೊರಕ್ಕೆ ಸರಿಸಿದರೆ ಅಚ್ಚನ್ನು ಬಗ್ಗಿಸುವ ಬಲ 30 ಕಿಲೋಗ್ರಾಂ-ಮೀಟರಿನಷ್ಟು ಹೆಚ್ಚುತ್ತದೆ. ತಯಾರಕರು ಕೊಟ್ಟಿರುವ ಹಂತಗಳೊಳಗೆ ಇದನ್ನು ತಾಳುವಂತೆ ಅಚ್ಚನ್ನು ಮಾಡಿರುತ್ತಾರೆ. ಲೇತಿನಲ್ಲಿ ತಿರುಗಿಸಿದ ದಪ್ಪ ಬಿಲ್ಲೆಗಳನ್ನು ಹಬ್‌ಗೂ ತಟ್ಟೆಗೂ ನಡುವೆ ಸೇರಿಸಿ, ಉದ್ದದ ಬೋಲ್ಟು ಹಾಕಿ ಚಕ್ರವನ್ನು ಇನ್ನಷ್ಟು ಹೊರಗೆ ತರುವುದು ಆ ಮಿತಿಯನ್ನು ಮೀರಿದ ಕೆಲಸ. ಮೊದಲು ನಟ್ಟು ಸಡಿಲವಾಗುತ್ತದೆ, ತೂತು ಉಜ್ಜಿ ಮೊಟ್ಟೆಯಾಕಾರವಾಗುತ್ತದೆ, ಬೋಲ್ಟು ಮುರಿಯುತ್ತದೆ. ಹೊಲದಲ್ಲಿ ಮುರಿದರೆ ನಷ್ಟ. ತುಂಬಿದ ಟ್ರೇಲರ್ ಎಳೆಯುತ್ತ ಹೆದ್ದಾರಿಯಲ್ಲಿ ಮುರಿದರೆ ಜೀವಕ್ಕೇ ಸಂಚು.

ಮುಂಚಕ್ರಗಳಲ್ಲಿ ಇನ್ನೂ ಜಾಗರೂಕತೆ ಬೇಕು. ಸಾಮಾನ್ಯವಾಗಿ ಮುಂಚಕ್ರದ ಹಬ್‌ನಲ್ಲಿ ಒಳಗಿನ ಬೇರಿಂಗ್ ದೊಡ್ಡದು, ಹೊರಗಿನದು ಚಿಕ್ಕದು. ಚಕ್ರದ ಭಾರ ದೊಡ್ಡ ಬೇರಿಂಗಿನ ಹತ್ತಿರ ಬೀಳುವಂತೆ ತಟ್ಟೆಯ ತಗ್ಗನ್ನು ಮಾಡಿರುತ್ತಾರೆ. ಚಕ್ರವನ್ನು ತಿರುವಿ ಹಾಕಿದರೆ ಆ ಭಾರ ಚಿಕ್ಕ ಬೇರಿಂಗಿನ ಮೇಲೆ ಹೋಗುತ್ತದೆ. ಜೊತೆಗೆ ಚಕ್ರ ನೆಲ ಮುಟ್ಟುವ ಜಾಗ ಕಿಂಗ್ ಪಿನ್ನಿನಿಂದ ದೂರವಾಗಿ, ಸ್ಟಿಯರಿಂಗ್ ಭಾರವಾಗುತ್ತದೆ. ಕಲ್ಲಿಗೆ ತಾಗಿದಾಗ ಕೈಯಲ್ಲಿ ಒದೆಯುತ್ತದೆ. ಮುಂಚಕ್ರಾಂತರವನ್ನು ಹೆಚ್ಚಿಸಲು ಅಚ್ಚಿನಲ್ಲಿಯೇ ಸಾಲು ತೂತುಗಳಿದ್ದರೆ ಬೋಲ್ಟು ಕಳಚಿ ಅಚ್ಚನ್ನೇ ಚಾಚಬೇಕು. ಹಾಗೆ ಚಾಚಿದಾಗ ಟೈ ರಾಡನ್ನೂ ಅದೇ ಅಳತೆಗೆ ಉದ್ದ ಮಾಡಿ, ಚಕ್ರಗಳ ಒಳಬಾಗನ್ನು ಕೈಪಿಡಿಯಂತೆ ಸರಿಪಡಿಸಬೇಕು.

ಕೃಷಿ ಸರಕು ಸಾಗಿಸುವ ಜೀಪು, ಪಿಕಪ್ ವಾಹನಗಳಿಗೂ ಇದೇ ನಿಯಮ. ಅವುಗಳ ಅನೇಕ ರಿಮ್‌ಗಳ ಮೇಲೆ "ಇಟಿ" ಎಂಬ ಅಕ್ಷರಗಳೊಂದಿಗೆ ಒಂದು ಸಂಖ್ಯೆ ಅಚ್ಚೊತ್ತಿರುತ್ತದೆ. ಇಟಿ 40 ಎಂದರೆ ಕೂರುವ ಮುಖ ನಡುಗೆರೆಯಿಂದ 40 ಮಿ.ಮೀ. ಹೊರಕ್ಕಿದೆಯೆಂದು ಅರ್ಥ. ಅದನ್ನು ತೆಗೆದು ಇಟಿ 15ರ ರಿಮ್ ಹಾಕಿದರೆ ಪ್ರತಿ ಚಕ್ರವೂ 25 ಮಿ.ಮೀ. ಹೊರಗೆ ಬರುತ್ತದೆ. ನೋಟಕ್ಕೆ ಗಡುಸಾಗಿ ಕಾಣಬಹುದು. ಬೆಲೆ ತೆರುವುದು ಬೇರಿಂಗು. ತಯಾರಕರ ಅಳತೆಗೆ ಹೊರತಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆಂಬುದನ್ನೂ ಮರೆಯಬಾರದು.

ಟೈರು, ನೀರು, ಗಾಳಿ

ಅಗಲದ ಟೈರು ಹಾಕಿದರೆ ಮಣ್ಣಿಗೆ ಒಳ್ಳೆಯದೆಂಬ ಮಾತು ಅರ್ಧ ನಿಜ. ಮೇಲ್ಮಣ್ಣಿನ ಮೇಲೆ ಬೀಳುವ ಒತ್ತಡ ಹೆಚ್ಚು ಕಡಿಮೆ ಟೈರಿನೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಆದರೆ ಆಳದ ಮಣ್ಣು ಬಿಗಿಯುವುದು ಅಚ್ಚಿನ ಒಟ್ಟು ಭಾರದಿಂದ. ಕೋಲಾರದ ಕೆಂಪು ಮರಳುಮಿಶ್ರಿತ ಗೋಡು ಹಸಿಯಿದ್ದಾಗ ತುಳಿದರೆ ಉಳುಮೆಯ ಆಳದ ಕೆಳಗೆ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಮಳೆಯ ನೀರು ಇಂಗದೆ ಹರಿದುಹೋಗುತ್ತದೆ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಆದ್ದರಿಂದ ಹದ ಬರುವವರೆಗೆ ಕಾಯುವುದು, ಪ್ರತಿಬಾರಿಯೂ ಚಕ್ರವನ್ನು ಹಳೆಯ ಜಾಡಿನಲ್ಲಿಯೇ ಓಡಿಸುವುದು ಅಗಲದ ಟೈರಿಗಿಂತ ಹೆಚ್ಚು ಫಲ ಕೊಡುತ್ತವೆ. ಚಕ್ರಾಂತರ ಒಂದೇ ಆಗಿದ್ದರೆ ಮಾತ್ರ ಹಳೆಯ ಜಾಡು ಸಿಗುತ್ತದೆ.

ಚಕ್ರ ಜಾರುತ್ತಿದ್ದರೆ ಹಿಂದಿನ ಟ್ಯೂಬಿಗೆ ನೀರು ತುಂಬುವುದುಂಟು. ವಾಲ್ವನ್ನು ಮೇಲಕ್ಕೆ ಬರುವಂತೆ ನಿಲ್ಲಿಸಿ, ಮುಕ್ಕಾಲು ಭಾಗ ಮಾತ್ರ ತುಂಬಿ, ಮೇಲೆ ಗಾಳಿ ಹಿಡಿಸಬೇಕು. 13.6-28ರ ಟೈರಿಗೆ ನೂರು ಲೀಟರಿಗೂ ಮೀರಿ ನೀರು ಹಿಡಿಯುತ್ತದೆ. ಒಣ ಹೊಲದ ಉಳುಮೆ ಮುಗಿದು ಟೊಮೆಟೊ ಮಡಿಯ ಹಗುರ ಕೆಲಸಕ್ಕೆ ಇಳಿಯುವಾಗ ಆ ನೀರನ್ನು ತೆಗೆದುಬಿಡಬೇಕು. ಬೇಡದ ಭಾರವೆಲ್ಲ ಮಣ್ಣನ್ನು ಬಿಗಿಯುವ ಭಾರ.

ಮಾಲೂರಿನ ಕಡೆ ನೀಲಗಿರಿ ತೆಗೆದು ಹೊಲ ಮಾಡಿದವರಿಗೆ ಟೈರಿನ ಅಗಲಕ್ಕಿಂತ ಅದರ ಪಕ್ಕದ ಗೋಡೆಯ ಬಲ ಮುಖ್ಯ. ನೆಲದಲ್ಲಿ ಉಳಿದ ಕೂಳೆ ಬುಡಗಳು ಚೂಪಾಗಿ ನಿಂತು ಟೈರನ್ನು ಪಕ್ಕದಿಂದ ಸೀಳುತ್ತವೆ. ಚಕ್ರವನ್ನು ಹೊರಕ್ಕೆ ಹಾಕಿದ್ದರೆ ಚಾಲಕನ ಕಣ್ಣಿಗೆ ಅದರ ಅಂಚು ಅಂದಾಜಿಗೆ ಸಿಗುವುದೂ ಕಷ್ಟ. ಇಲ್ಲಿ ಪ್ಲೈ ಸಂಖ್ಯೆ ಹೆಚ್ಚಿರುವ ಟೈರನ್ನು ಕೊಳ್ಳಬೇಕು.

ಕೆರೆಯ ಕೆಳಗಿನ ಗದ್ದೆಯ ಕೆಸರಿಗೆ ಕಬ್ಬಿಣದ ಕೇಜ್ ವೀಲ್ ಬೇಕಾಗುತ್ತದೆ. ಟೈರನ್ನು ಬಿಚ್ಚದೆ ಅದರ ಹೊರಮಗ್ಗುಲಿಗೆ ಸೇರಿಸುವ ಅರ್ಧ ಕೇಜ್ ಕೂಡ ಒಂದು ಬಗೆಯಲ್ಲಿ ಚಕ್ರವನ್ನು ಹೊರಕ್ಕೆ ಚಾಚಿದಂತೆಯೇ. ಆದ್ದರಿಂದ ಅದನ್ನು ಹಾಕುವ ಮುನ್ನ ಚಕ್ರವನ್ನು ಒಳಕ್ಕೆ ಸರಿಸಿಕೊಳ್ಳಬೇಕು. ಗದ್ದೆಯಿಂದ ಮೇಲೆ ಬಂದೊಡನೆ ಕಳಚಬೇಕು. ಡಾಂಬರು ರಸ್ತೆಯಲ್ಲಿ ಓಡಿಸಬಾರದು.

ನಾಲ್ಕು ಚಕ್ರಕ್ಕೂ ಎಳೆತವಿರುವ ಟ್ರ್ಯಾಕ್ಟರಾದರೆ ಹಿಂದಿನ ಅಥವಾ ಮುಂದಿನ ಟೈರನ್ನು ಮಾತ್ರ ಬೇರೆ ಅಳತೆಗೆ ಬದಲಿಸುವಂತಿಲ್ಲ. ಎರಡರ ಸುತ್ತಳತೆಗೂ ಗೇರುಗಳಿಗೂ ನಿಶ್ಚಿತವಾದ ಹೊಂದಾಣಿಕೆಯಿದೆ. ಅದು ತಪ್ಪಿದರೆ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಂದನ್ನೊಂದು ಜಗ್ಗಾಡಿ ಟೈರು ಸವೆಯುತ್ತದೆ, ಗೇರು ಹಾಳಾಗುತ್ತದೆ.

ಚಕ್ರ ತಿರುವುವ ಕ್ರಮ

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂಚಕ್ರಗಳಿಗೆ ಎರಡೂ ಕಡೆ ಕಲ್ಲು ಅಡ್ಡವಿಡಬೇಕು. ಜಾಕ್ ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಡದೆ ಯಾರೂ ಕೈ ಹಾಕಬಾರದು. ಟ್ಯೂಬಿನಲ್ಲಿ ನೀರಿದ್ದರೆ ಮೊದಲು ಅದನ್ನು ಬಸಿಯಬೇಕು. ನೀರು ತುಂಬಿದ ಚಕ್ರ ಮೇಲೆ ಬಿದ್ದರೆ ಇಬ್ಬರು ಸೇರಿದರೂ ಎತ್ತಲಾರರು.

ಇಡೀ ಚಕ್ರವನ್ನು ತಿರುವುವಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಬೇಕು. ಹಾಗೆ ಮಾಡದಿದ್ದರೆ ಟೈರಿನ ಹಲ್ಲುಗಳು ಹಿಂದುಮುಂದಾಗಿ ಎಳೆತ ಕಡಿಮೆಯಾಗುತ್ತದೆ. ಟೈರಿನ ಪಕ್ಕದಲ್ಲಿರುವ ಬಾಣದ ಗುರುತು ಮುಂದೆ ಉರುಳುವ ದಿಕ್ಕನ್ನು ತೋರಿಸುತ್ತಿರಬೇಕು. ನಟ್ಟುಗಳನ್ನು ಒಂದರ ಪಕ್ಕದಲ್ಲೊಂದು ಬಿಗಿಯದೆ ಎದುರುಬದುರಾಗಿ ಬಿಗಿಯುತ್ತ ಹೋಗಬೇಕು. ಕೆಲವು ಗಂಟೆ ಕೆಲಸ ಮಾಡಿದ ಮೇಲೆ ಮತ್ತೊಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಬಿಗಿ ನೋಡಬೇಕು. ಮುರಿದುಬಂದ ಬೋಲ್ಟುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಿಗಿತವನ್ನು ಕಾಣದವು.

ಹೊಸ ಟ್ರ್ಯಾಕ್ಟರ್ ಕೊಳ್ಳುವವರು ಅತಿ ಕಡಿಮೆ ಮತ್ತು ಅತಿ ಹೆಚ್ಚು ಚಕ್ರಾಂತರ ಎಷ್ಟೆಂದು ಮಾರಾಟಗಾರರನ್ನು ಕೇಳಿ ಬರೆಸಿಕೊಳ್ಳಬೇಕು. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಪ್ರಕಟಿಸುವ ಪರೀಕ್ಷಾ ವರದಿಗಳಲ್ಲಿ ಈ ಅಳತೆಗಳು ಇರುತ್ತವೆ. ವಿಸ್ತರಣಾ ಕಾರ್ಯಕರ್ತರು ತಮ್ಮ ಹೋಬಳಿಯಲ್ಲಿ ಬಳಕೆಯಲ್ಲಿರುವ ಟ್ರ್ಯಾಕ್ಟರುಗಳ ವರದಿಯನ್ನು ತರಿಸಿ, ಆ ಎರಡು ಸಂಖ್ಯೆಗಳನ್ನು ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಬರೆದು ಹಾಕಬಹುದು.